ಅತ್ತೆಯ ಕನ್ನಡಕ, ಅಂಗಡಿಯ ತಾರೀಕು

ಪಟ್ಟಣ ಪಂಚಾಯ್ತಿಯ ಪರವಾನಗಿ ನವೀಕರಣದ ಅರ್ಜಿಯಲ್ಲಿ ‘ವ್ಯಾಪಾರ ಪ್ರಾರಂಭಿಸಿದ ದಿನಾಂಕ’ ಎಂದೊಂದು ಸಾಲಿದೆ. ಅದರ ಮುಂದಿರುವ ಚೌಕ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲ. ಪ್ರತಿ ಸಲವೂ ನನ್ನ ಪೆನ್ನು ಅಲ್ಲಿಗೆ ಬಂದು ನಿಲ್ಲುತ್ತದೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಕನ್ನಡಕದ ಅಂಗಡಿ ಇದೆ. ಅದು ಇದೆ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ದಿನಾ ಬೆಳಿಗ್ಗೆ ಬಾಗಿಲು ತೆಗೆಯುವವನು ನಾನೇ. ಆದರೆ ಅದು ಎಂದು ಶುರುವಾಯಿತು ಎಂದು ಕೇಳಿದರೆ ನಾನು ನಾಲ್ಕು ಉತ್ತರ ಹೇಳುತ್ತೇನೆ, ನನ್ನ ಹೆಂಡತಿ ಜಾನಕಿ ಐದನೆಯದೊಂದು ಹೇಳುತ್ತಾಳೆ. ಐದೂ ಆ ಚೌಕದಲ್ಲಿ ಹಿಡಿಸುವುದಿಲ್ಲ.

ನೆನಪಿನ ವಿಷಯದಲ್ಲಿ ನಾನು ನಂಬಬಹುದಾದ ಸಾಕ್ಷಿಯಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಭೌತಶಾಸ್ತ್ರ ಓದಿದಾಗ ನಮ್ಮ ಮೇಷ್ಟ್ರುಗಳು ಎಲ್ಲವನ್ನೂ ಅನುಮಾನಿಸಲು ಕಲಿಸಿದ್ದರು. ತಕ್ಕಡಿಯ ಮುಳ್ಳನ್ನು ಅನುಮಾನಿಸು, ಥರ್ಮಾಮೀಟರನ್ನು ಅನುಮಾನಿಸು, ಪುಸ್ತಕದಲ್ಲಿ ಬರೆದದ್ದನ್ನು ಅನುಮಾನಿಸು. ನಾನು ಶಿಸ್ತಿನ ಶಿಷ್ಯ. ಊರಿಗೆ ಬಂದು ದೇವರನ್ನು, ಪಂಚಾಂಗವನ್ನು, ಬಸ್ಸಿನ ಟೈಮನ್ನು, ಮಾವನವರ ಬಿ.ಪಿ. ಮಾತ್ರೆಯನ್ನು ಒಂದೂ ಬಿಡದೆ ಅನುಮಾನಿಸಿದೆ. ನನ್ನ ತಲೆಯನ್ನು ಅನುಮಾನಿಸಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಕಲಿಸಿದ್ದು ಸೀತೂರಿನ ದೇವಮ್ಮ, ಶೃಂಗೇರಿಯ ಒಬ್ಬರು ಶಾಸ್ತ್ರಿಗಳು, ಮತ್ತು ಒಂದೇ ಬಣ್ಣದ ಎರಡು ಫ್ರೇಮುಗಳು. ಆ ಕಥೆಗೇ ಬರುತ್ತೇನೆ. ಆದರೆ ನೇರವಾಗಿ ಬಂದು ನನಗೆ ಅಭ್ಯಾಸವಿಲ್ಲ.

ಈಚೆಗೆ ಸ್ವಂತದ್ದೇನಾದರೂ ಮಾಡಬೇಕೆನ್ನುವವರು ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಕೇಳುತ್ತಾರೆ: ‘ಮೇಷ್ಟ್ರೇ, ಈಗ ಕೆಲ್ಸ ಬಿಡ್ಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?’ ಕೇಳುವಾಗ ಅವರ ಮುಖದಲ್ಲಿ, ಆ ಹೊತ್ತಿಗೆ ನನಗೆ ಎಲ್ಲೋ ಗಂಟೆ ಬಾರಿಸಿದ್ದು ಕೇಳಿಸಿತ್ತು ಎನ್ನುವಂಥ ನಂಬಿಕೆ. ಅವರಿಗೆ ನಾನು ಚಾಳೀಸಿನ ಕಥೆ ಹೇಳುತ್ತೇನೆ. ಹಿಂದಿನವರು ಓದುವ ಕನ್ನಡಕಕ್ಕೆ ಚಾಳೀಸು ಎನ್ನುತ್ತಿದ್ದರು. ನನ್ನ ಅಜ್ಜನೂ ‘ನನ್ನ ಚಾಳೀಸು ಎಲ್ಲಿ?’ ಎಂದೇ ಹುಡುಕುತ್ತಿದ್ದ, ಅದನ್ನು ಹಣೆಯ ಮೇಲೆ ಇಟ್ಟುಕೊಂಡೇ. ಚಾಳೀಸು ಎಂದರೆ ನಲವತ್ತು. ನಲವತ್ತು ತುಂಬಿದರೆ ಸಣ್ಣಕ್ಷರ ಮಸುಕಾಗುತ್ತದೆ, ಆಗ ಅದನ್ನು ಹಾಕಿಕೊಳ್ಳಬೇಕು. ಎಷ್ಟು ಚಂದದ ವ್ಯವಸ್ಥೆ ನೋಡಿ. ವಸ್ತುವಿನ ಹೆಸರಿನಲ್ಲೇ ಅದನ್ನು ಶುರುಮಾಡುವ ಕಾಲವನ್ನು ಬರೆದಿಟ್ಟುಬಿಟ್ಟಿದ್ದಾರೆ. ವ್ಯಾಪಾರಕ್ಕೆ ಅಂಥ ಹೆಸರಿಡುವ ಬುದ್ಧಿ ಯಾರಿಗೂ ಬರಲಿಲ್ಲ. ಇಟ್ಟಿದ್ದರೆ ನನ್ನ ಮೂರು ವರ್ಷ ಉಳಿಯುತ್ತಿತ್ತು.

ಆ ಮೂರು ವರ್ಷ ನಾನು ಮಾಡಿದ್ದು ಪಟ್ಟಿ. ಆಗ ನಾನು ಇಲ್ಲಿಯದೇ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ತಾತ್ಕಾಲಿಕ ಮೇಷ್ಟ್ರು. ಒಂಬತ್ತು ವರ್ಷ ತಾತ್ಕಾಲಿಕವಾಗಿಯೇ ಇದ್ದೆ. ಅಷ್ಟು ದೀರ್ಘ ಕಾಲ ತಾತ್ಕಾಲಿಕವಾಗಿರುವುದಕ್ಕೂ ಒಂದು ಸ್ಥಿರಚಿತ್ತ ಬೇಕು. ಪ್ರಯೋಗಾಲಯದ ರೂಲು ಹಾಕಿದ ಹಾಳೆಯಲ್ಲಿ, ಅಂಗಡಿ ಈಗಲೇ ಶುರುಮಾಡುವುದಕ್ಕೆ ಕಾರಣಗಳು ಎಡಕ್ಕೆ, ಮುಂದೂಡುವುದಕ್ಕೆ ಕಾರಣಗಳು ಬಲಕ್ಕೆ, ಒಂದೊಂದಕ್ಕೂ ಹತ್ತರೊಳಗೆ ಅಂಕ. ಕೂಡಿಸಿ ನೋಡಿದರೆ ಪ್ರತಿ ವರ್ಷವೂ ‘ಮುಂದಿನ ವರ್ಷ’ ಎಂದೇ ಬರುತ್ತಿತ್ತು.

ಮಸೂರದ ನಾಭಿದೂರ ಅಳೆಯುವ ಪ್ರಯೋಗ ನೀವೂ ಮಾಡಿರಬಹುದು. ಮೇಣದಬತ್ತಿ, ಮಸೂರ, ಬಿಳಿಯ ಪರದೆ. ನಮ್ಮ ಮಕ್ಕಳು ಜಾಣರು. ಉತ್ತರ ಇಪ್ಪತ್ತು ಸೆಂಟಿಮೀಟರು ಎಂದು ಹಿಂದಿನ ಬ್ಯಾಚಿನವರಿಂದ ತಿಳಿದುಕೊಂಡು, ಮೇಣದಬತ್ತಿ ಹಚ್ಚುವ ಮೊದಲೇ ರೀಡಿಂಗುಗಳನ್ನು ಬರೆದಿಡುತ್ತಿದ್ದರು. ನಾನು ಕೆಂಪು ಪೆನ್ನಿನಲ್ಲಿ ಗೀಟು ಎಳೆದು ‘ಇದು ವಿಜ್ಞಾನವಲ್ಲ’ ಎಂದು ಬರೆಯುತ್ತಿದ್ದೆ. ನನ್ನ ಪಟ್ಟಿಯ ಅಂಕಗಳೂ ಮೇಣದಬತ್ತಿ ಹಚ್ಚದೆ ಬರೆದವೇ ಎಂದು ಹೊಳೆಯಲು ಬಹಳ ದಿನ ಬೇಕಾಯಿತು.

ಕನ್ನಡಕ ನನ್ನ ಕೈಗೆ ಬಂದದ್ದು ಹೇಗೆ? ಪ್ರಯೋಗಾಲಯದಲ್ಲಿ ಸಣ್ಣ ಸ್ಕ್ರೂಡ್ರೈವರುಗಳ ಒಂದು ಸೆಟ್ಟಿತ್ತು. ಒಂದು ದಿನ ಸಂಸ್ಕೃತದ ಮೇಷ್ಟ್ರ ಕನ್ನಡಕದ ಕಾಲು ಕಳಚಿತು, ನಾನು ತಿರುಪು ಹಾಕಿಕೊಟ್ಟೆ. ಆಮೇಲೆ ಪ್ರಿನ್ಸಿಪಾಲರದು, ಆಮೇಲೆ ಅವರ ಅತ್ತಿಗೆಯದು. ನನ್ನ ಲೆಕ್ಕದಲ್ಲಿ ಅಂಗಡಿಯ ಮೊದಲ ತಾರೀಕು ಆ ತಿರುಪಿನದು. ಜಾನಕಿ ಒಪ್ಪುವುದಿಲ್ಲ. ಅವಳ ಪ್ರಕಾರ, ಸುಬ್ರಾಯ ಎನ್ನುವ ಬಸ್ ಕಂಡಕ್ಟರು ಮೊದಲ ಸಲ ಒಂದು ಪೊಟ್ಟಣ ತಂದು, ‘ಇಲ್ಲಿ ಕನ್ನಡಕದ ಮೇಷ್ಟ್ರು ಅಂದ್ರೆ ಯಾರಮ್ಮಾ?’ ಎಂದು ಕೇಳಿದಾಗ ನಾನು ಒಳಗಿನಿಂದ ‘ಇಲ್ಲಿ ಯಾರೂ ಇಲ್ಲ’ ಎಂದೆನಂತೆ. ಅವಳು ‘ಕೊಡಿ, ಇವರೇ’ ಎಂದು ಕೈ ಚಾಚಿದಳಂತೆ. ಅಂಗಡಿ ಶುರುವಾದದ್ದು ಆಗ. ಅಂದರೆ ಶುರುಮಾಡಿದ್ದು ಅವಳು.

ನಮ್ಮ ಕಡೆಯ ಖಾಸಗಿ ಬಸ್ಸುಗಳ ವಿಷಯ ಗೊತ್ತಿಲ್ಲದವರಿಗೆ ಈ ಪೊಟ್ಟಣ ಅರ್ಥವಾಗಲಿಕ್ಕಿಲ್ಲ. ಇಲ್ಲಿ ಬಸ್ಸಿನಲ್ಲಿ ಜನ ಹೋಗುವಷ್ಟೇ ಸಾಮಾನೂ ಒಂಟಿಯಾಗಿ ಪ್ರಯಾಣ ಮಾಡುತ್ತದೆ. ಮಿಕ್ಸಿಯ ಜಾರು, ಮರೆತುಹೋದ ಕೊಡೆ, ಬಾಣಂತಿಗೆ ಕಷಾಯದ ಬೇರು, ಬೀಗದ ಕೈ, ಒಮ್ಮೆ ಒಂದು ಹಲ್ಲಿನ ಸೆಟ್ಟು. ವಿಳಾಸ ಬರೆಯುವುದಿಲ್ಲ. ಕಂಡಕ್ಟರಿಗೆ ಬಾಯಲ್ಲಿ ಹೇಳಿದರೆ ಸಾಕು, ಅವನು ಇಳಿಯಬೇಕಾದ ಕಡೆ ಇಳಿಸುತ್ತಾನೆ. ಹಾಗೆ ಶೃಂಗೇರಿ ಕಡೆಯಿಂದ, ಮೇಗುಂದದಿಂದ, ನರಸಿಂಹರಾಜಪುರದಿಂದ ಮುರಿದ ಕನ್ನಡಕಗಳು ನನ್ನ ಮನೆಗೆ ಬರತೊಡಗಿದವು. ಕನ್ನಡಕವಿಲ್ಲದೆ ಮನುಷ್ಯ ಕನ್ನಡಕದ ಅಂಗಡಿ ಹುಡುಕಿಕೊಂಡು ಶಿವಮೊಗ್ಗದವರೆಗೆ ಹೋಗುವುದು ಕಷ್ಟ. ಕನ್ನಡಕವಾದರೆ ಮನುಷ್ಯನಿಲ್ಲದೆ ಕೊಪ್ಪಕ್ಕೆ ಬರಬಲ್ಲದು. ಯಾವುದು ಯಾರದು ಎಂದು ನಾನು ಚೀಟಿ ಬರೆಯುತ್ತಿರಲಿಲ್ಲ. ಯಾಕೆ ಬರೆಯಬೇಕು? ತಲೆಯಲ್ಲಿ ಇರುತ್ತಿತ್ತು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಹೀಗಿರುವಾಗ, ಬೇಸಿಗೆ ರಜೆಯಲ್ಲಿ, ಕಾಲೇಜಿನಿಂದ ಪತ್ರ ಬಂತು. ನನ್ನನ್ನು ಕಾಯಂ ಮಾಡಿದ್ದಾರೆ. ಕಾಲೇಜು ಮತ್ತೆ ತೆರೆಯುವುದರೊಳಗೆ ಸಹಿ ಹಾಕಿ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಜಾಗ ಇನ್ನೊಬ್ಬರಿಗೆ. ಇನ್ನೊಂದು ಸಾಲೂ ಇತ್ತು: ಕಾಯಂ ಆದವರು ಬೇರೆ ಯಾವ ಉದ್ಯೋಗವನ್ನೂ ಮಾಡಕೂಡದು. ಒಂಬತ್ತು ವರ್ಷ ಕಾದ ಪತ್ರ. ಅದನ್ನು ಅಡುಗೆಮನೆಯ ಟೇಬಲ್ಲಿನ ಮೇಲೆ, ಕಾಲಿಲ್ಲದ ಏಳು ಕನ್ನಡಕಗಳ ಪಕ್ಕದಲ್ಲಿ ಇಟ್ಟೆ.

ಜಾನಕಿ ಎರಡು ದಿನ ಅವುಗಳ ಸಂದಿಯಲ್ಲೇ ತರಕಾರಿ ಹೆಚ್ಚಿದಳು. ಮೂರನೆಯ ದಿನ ಕೊತ್ತಂಬರಿ ಸೊಪ್ಪು ಸೋಸಲು ಜಾಗ ಸಿಗದೆ ಹೇಳಿದಳು: ‘ನೋಡಿ, ಸಹಿ ಹಾಕೋದಾದ್ರೆ ಹಾಕಿ. ಇಲ್ಲಾಂದ್ರೆ ಒಂದು ಅಂಗಡಿ ಹುಡ್ಕಿ. ಎರಡೂ ಇಲ್ಲಾಂದ್ರೆ ನನ್ನ ಟೇಬಲ್ ನಂಗೆ ಬಿಟ್ಕೊಡಿ.’

‘ಯೋಚ್ನೆ ಮಾಡ್ತಿದ್ದೇನೆ’ ಎಂದೆ.

‘ನೀವು ಯೋಚ್ನೆ ಮಾಡೋದ್ರೊಳಗೆ ನಂಗೇ ಕನ್ನಡಕ ಬರ್ತದೆ.’

ಆ ವಾರ ಟೇಬಲ್ಲಿನ ಮೇಲಿದ್ದ ಏಳರಲ್ಲಿ ಎರಡು ನಮಗೆ ಮುಖ್ಯ. ಒಂದು ಶೃಂಗೇರಿಯ ಶಾಸ್ತ್ರಿಗಳದು. ನನ್ನ ತಂದೆಯ ಕಾಲದಿಂದ ಪರಿಚಯದ ಹಿರಿಯರು, ಪಾಠ ಹೇಳುತ್ತಿದ್ದವರು, ಅರವತ್ತೈದು ದಾಟಿದವರು. ಇನ್ನೊಂದು ಸೀತೂರಿನ ದೇವಮ್ಮನದು. ಶಾಲೆಯಲ್ಲಿ ಬಿಸಿಯೂಟ ಶುರುವಾದ ಮೇಲೆ ಅಲ್ಲಿ ಅಕ್ಕಿ ಆರಿಸಿ ಕೊಡುತ್ತಿದ್ದ, ಅದಕ್ಕೆ ಮೊದಲು ತೋಟಗಳಿಗೆ ಕೂಲಿಗೆ ಹೋಗುತ್ತಿದ್ದ ಹೆಂಗಸು. ವಯಸ್ಸು ಐವತ್ತರ ಆಚೀಚೆ. ಎರಡರದ್ದೂ ಫ್ರೇಮು ಪೂರ್ತಿ ಮುರಿದಿತ್ತು, ಗಾಜು ಸರಿಯಿತ್ತು. ನನ್ನಲ್ಲಿದ್ದದ್ದು ಒಂದೇ ಬಗೆಯ ಕಂದು ಫ್ರೇಮು. ಹಳೆಯ ಕಾಲದ ದೊಡ್ಡ ಗಾಜುಗಳ ಅಂಚು ಉಜ್ಜಿ, ಎರಡು ಜೊತೆಯನ್ನೂ ಅಂಥದೇ ಎರಡು ಫ್ರೇಮುಗಳಲ್ಲಿ ಕೂರಿಸಿ, ಎರಡು ಪೊಟ್ಟಣ ಕಟ್ಟಿ ಸುಬ್ರಾಯನ ಕೈಗೆ ಕೊಟ್ಟೆ. ಎಡಗಡೆ ಇಟ್ಟದ್ದು ಶಾಸ್ತ್ರಿಗಳದು ಎಂದು ತಲೆಯಲ್ಲಿತ್ತು.

ವಾರ ಕಳೆದು ಸುಬ್ರಾಯ ಬಸ್ಸಿನ ಮೆಟ್ಟಿಲಿನ ಮೇಲಿಂದಲೇ ಕೂಗಿದ: ‘ಮೇಷ್ಟ್ರೇ, ನಿಮ್ಮ ಕೈಯಲ್ಲಿ ಎಂತದೋ ಉಂಟು ಮಾರಾಯ್ರೇ! ಶಾಸ್ತ್ರಿಗಳು ಹೇಳಿದ್ರು, ಇಪ್ಪತ್ತು ವರ್ಷದಲ್ಲಿ ಇಷ್ಟು ಚಂದ ಕಂಡದ್ದೇ ಇಲ್ವಂತೆ.’

ನಾನು ಹಿಗ್ಗಿದೆ. ಇಡೀ ಒಂದು ಮಧ್ಯಾಹ್ನ ಹಿಗ್ಗಿದೆ. ಎರಡು ದಿನದ ಮೇಲೆ ಅವನೇ ಇನ್ನೊಂದು ಸುದ್ದಿ ತಂದ: ‘ಸೀತೂರಿನ ದೇವಮ್ಮನೂ ಹೇಳಿದ್ಲು. ಮೊದ್ಲು ಅಕ್ಕಿ ಮೂಗಿಗೆ ತಾಗಿಸ್ಕೊಂಡು ನೋಡ್ಬೇಕಾಗಿತ್ತಂತೆ, ಈಗ ಮೊರ ತೊಡೆ ಮೇಲಿಟ್ಕೊಂಡ್ರೂ ಕಲ್ಲು ಕಾಣ್ತದಂತೆ.’

ಈ ಸಲ ಹಿಗ್ಗಲು ಹೊರಟವನು ಅರ್ಧಕ್ಕೆ ನಿಂತೆ. ನಾನು ಬದಲಾಯಿಸಿದ್ದು ಫ್ರೇಮು. ಫ್ರೇಮು ಬದಲಾದರೆ ಗಾಜಿನ ಶಕ್ತಿ ಬದಲಾಗುವುದಿಲ್ಲ. ಇದು ನಾನು ಒಂಬತ್ತು ವರ್ಷ ಪಾಠ ಮಾಡಿದ ವಿಷಯ. ಹೊಗಳಿಕೆ ಒಂದಾದರೆ ದಾಕ್ಷಿಣ್ಯ ಎನ್ನಬಹುದಿತ್ತು. ಎರಡು ಬಂದಿವೆ. ಒಬ್ಬರಿಗೆ ಶಕ್ತಿ ಹೆಚ್ಚಾಗಿದೆ, ಒಬ್ಬರಿಗೆ ಕಡಿಮೆಯಾಗಿದೆ, ಇಬ್ಬರಿಗೂ ಅನುಕೂಲವಾಗಿದೆ. ಟೇಬಲ್ಲಿನ ಎಡಗಡೆ, ಬಲಗಡೆಯನ್ನು ನೆನಪಿಸಿಕೊಳ್ಳಲು ನೋಡಿದೆ. ನೆನಪಾಯಿತು, ಒಂದು ಸಲ ಹೀಗೆ, ಇನ್ನೊಂದು ಸಲ ಹಾಗೆ, ಎರಡು ಸಲವೂ ಬಹಳ ಸ್ಪಷ್ಟವಾಗಿ. ‘ನೀನು ಟೇಬಲ್ ಒರೆಸುವಾಗ ಆಚೀಚೆ ಇಟ್ಯಾ?’ ಎಂದು ಜಾನಕಿಯನ್ನು ಕೇಳಿದೆ. ‘ಆ ಟೇಬಲ್ ಒರೆಸೋ ಭಾಗ್ಯ ನಂಗೆ ಸಿಗ್ದೆ ತಿಂಗ್ಳಾಯ್ತು’ ಎಂದಳು. ಕನ್ನಡಕ ಅದಲುಬದಲಾಗಿತ್ತು. ಕಂಡುಹಿಡಿದದ್ದು ತರ್ಕ, ಮಾಡಿದ್ದು ನೆನಪು.

ಯಾರೂ ದೂರು ಕೊಟ್ಟಿರಲಿಲ್ಲ. ಸುಮ್ಮನಿದ್ದಿದ್ದರೆ ಇಬ್ಬರೂ ನನ್ನನ್ನು ಹೊಗಳುತ್ತಲೇ ಇರುತ್ತಿದ್ದರು. ಆದರೂ ಮಾರನೆಯ ಬೆಳಿಗ್ಗೆ ಶೃಂಗೇರಿಯ ಬಸ್ಸು ಹತ್ತಿದೆ. ಮಳೆ ಬರುತ್ತಿತ್ತು ಎಂದು ನನ್ನ ನೆನಪು. ಮುಂಗಾರಿಗೆ ಇನ್ನೂ ಹದಿನೈದು ದಿನವಿತ್ತು, ನಾನು ಧೂಳಿನಲ್ಲಿ ಮುಳುಗಿ ಮನೆಗೆ ಬಂದೆ ಎಂದು ಜಾನಕಿಯ ನೆನಪು. ಅವಳದ್ದನ್ನೇ ಇಟ್ಟುಕೊಳ್ಳೋಣ.

ಶಾಸ್ತ್ರಿಗಳು ಜಗಲಿಯಲ್ಲಿ ಪುಸ್ತಕ ಬಿಡಿಸಿಕೊಂಡು ಕೂತಿದ್ದರು. ಮೂಗಿನ ಮೇಲೆ ದೇವಮ್ಮನ ಕನ್ನಡಕ.

‘ಎಂತ ಮಾರಾಯ, ಇಷ್ಟು ಬೆಳಿಗ್ಗೆ? ಮುಹೂರ್ತ ಕೇಳ್ಲಿಕ್ಕೆ ಬಂದ್ಯಾ? ನೀನು ನಂಬೋದಿಲ್ವಲ್ಲ ಅದನ್ನ.’

ನಾನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ನಿಮ್ಮದು ಬೇರೆಯವರಿಗೆ ಹೋಗಿದೆ, ಬೇರೆಯವರದು ನಿಮಗೆ ಬಂದಿದೆ, ತಪ್ಪು ನನ್ನದು, ಕೊಟ್ಟರೆ ತಲುಪಿಸಿ ನಿಮ್ಮದನ್ನು ತರುತ್ತೇನೆ. ಅವರು ಕನ್ನಡಕ ತೆಗೆದರು, ತಿರುಗಿಸಿ ನೋಡಿದರು, ಮತ್ತೆ ಹಾಕಿಕೊಂಡರು.

‘ಕೊಡೋದಿಲ್ಲ’ ಎಂದರು.

‘ಶಾಸ್ತ್ರಿಗಳೇ, ಅದು ನಿಮ್ಮದಲ್ಲ.’

‘ಅಲ್ಲ, ಗೊತ್ತಾಯ್ತು. ಕೇಳಿಲ್ಲಿ. ನನ್ನ ಚಾಳೀಸು ಮಾಡ್ಸಿದ್ದು ನಲವತ್ತೈದಕ್ಕೆ. ಇಪ್ಪತ್ತು ವರ್ಷ ಆಯ್ತು. ಆಮೇಲೆ ಅಕ್ಷರ ಕಾಣ್ತಿರ್ಲಿಲ್ಲ. ಪುಸ್ತಕ ಎದ್ರಿಗೆ ಇಟ್ಕೊಳ್ಳೋದು ಬರೀ ಮರ್ಯಾದೆಗೆ; ಹೇಳೋದೆಲ್ಲ ಬಾಯಿಪಾಠ. ಮೊನ್ನೆ ಇದು ಹಾಕ್ಕೊಂಡು ನೋಡ್ತೇನೆ, ನಡುವೆ ಒಂದು ಇಡೀ ಶ್ಲೋಕ ಕೂತದೆ! ಎಷ್ಟು ವರ್ಷದಿಂದ ಹಾರಿಸ್ಕೊಂಡು ಹೋಗಿದ್ದೇನೋ ದೇವ್ರಿಗೇ ಗೊತ್ತು. ದೇವ್ರೂ ಬಾಯಿಬಿಡ್ಲಿಲ್ಲ ನೋಡು.’

ಅವರ ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ನನಗೆ ಎದೆಯ ಮೇಲಿನ ಒಂದು ಕಲ್ಲು ಸರಿದಂತಾಯಿತು ಎಂದು ಒಪ್ಪಿಕೊಳ್ಳಬೇಕು. ಅಷ್ಟು ಅಭ್ಯಾಸದ ನೆನಪೇ ಒಂದು ಶ್ಲೋಕ ಬಿಟ್ಟುಕೊಟ್ಟಿರುವಾಗ, ನನ್ನದು ಎರಡು ಫ್ರೇಮು ಬಿಟ್ಟುಕೊಟ್ಟದ್ದು ಏನು ಮಹಾ. ಆದರೂ ಹೇಳಿದೆ: ‘ಸರಿಯಾಗಿ ಪರೀಕ್ಷೆ ಮಾಡಿಸಿದ್ರೆ ಇದಕ್ಕಿಂತ ಚೆನ್ನಾಗಿ ಕಾಣಬಹುದು.’

‘ಯಾರು ಮಾಡೋದು?’

‘ಶಿವಮೊಗ್ಗಕ್ಕೆ ಹೋಗ್ಬೇಕು.’

‘ನೀನ್ಯಾಕೆ ಮಾಡ್ಬಾರ್ದು?’

‘ನಂಗೆ ಬರೋದಿಲ್ಲ.’

‘ಬರೋದಿಲ್ಲ ಅಂದ್ರೆ ಕಲಿ. ನಾನು ಅರವತ್ತೈದಕ್ಕೆ ಒಂದು ಶ್ಲೋಕ ಕಲೀತಾ ಇಲ್ವಾ?’

ಕಾಫಿ ಕುಡಿಸಿ ಕಳಿಸಿದರು. ಕನ್ನಡಕ ಕೊಡಲಿಲ್ಲ.

ಕೊಪ್ಪಕ್ಕೆ ಬಂದು ನರಸಿಂಹರಾಜಪುರದ ಬಸ್ಸು ಹಿಡಿದು ಸೀತೂರಿನಲ್ಲಿ ಇಳಿದೆ. ದೇವಮ್ಮ ಮನೆಯ ಅಂಗಳದಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಮನೆಯ ಅಕ್ಕಿ ಆರಿಸುತ್ತಿದ್ದಳು. ಶಾಲೆಗೆ ರಜೆ. ನನ್ನನ್ನು ಮೊದಲ ಸಲ ಕಂಡದ್ದು. ಕನ್ನಡಕದ ಮೇಷ್ಟ್ರು ಎಂದೊಡನೆ ಎದ್ದು ಮಣೆ ಹಾಕಿದಳು. ಕಥೆ ಕೇಳಿದ ಮೇಲೆ ಆ ಮಣೆಯನ್ನು ವಾಪಸು ತೆಗೆದುಕೊಳ್ಳುವ ಹಾಗೆ ನೋಡಿದಳು.

‘ಅಂದ್ರೆ? ಇದು ಯಾರೋ ಭಟ್ರದು, ಕಸ್ಕೊಂಡು ಹೋಗಕ್ಕೆ ಬಂದ್ರಾ?’

‘ಇಲ್ಲ ದೇವಮ್ಮ. ಅವರೂ ಕೊಡಲ್ಲ ಅಂದ್ರು. ಆದರೆ ನಿಮ್ಮದು ನಿಮ್ಮ ಹತ್ರ ಇಲ್ಲ ಅಂತ ನಿಮಗೆ ಹೇಳ್ಬೇಕಲ್ಲ.’

‘ನಂದು ಎಲ್ಲಿತ್ತು ಮೇಷ್ಟ್ರೇ? ಅದು ನಮ್ಮತ್ತೇದು. ಅವ್ರು ಹೋದ್ಮೇಲೆ ಸುಮ್ನೆ ಯಾಕೆ ಇರ್ಬೇಕು ಅಂತ ಹಾಕ್ಕೊಂಡೆ. ಹಾಕ್ಕೊಂಡ್ರೆ ತಲೆ ಸುತ್ತು. ಅತ್ತೆ ಬದುಕಿದ್ದಾಗ್ಲೂ ಹಂಗೇ ಇತ್ತು, ಅದ್ಕೇ ಅಭ್ಯಾಸ ಆತು.’ ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸು ಸೆರಗು ಬಾಯಿಗೆ ಹಿಡಿದಳು. ದೇವಮ್ಮ ಗಂಭೀರವಾಗಿಯೇ ಮುಂದುವರಿಸಿದಳು: ‘ಆದ್ರೂ ಅತ್ತೇದು ಅಂತ ಇತ್ತು. ಆ ಭಟ್ರಿಗೆ ಹೇಳಿ, ಜೋಪಾನ ಮಾಡ್ಲಿ. ಅವ್ರಿಗೆ ಬೇಡ ಅಂದಾಗ ನಂಗೇ ಬರ್ಬೇಕು, ಇನ್ಯಾರಿಗೂ ಅಲ್ಲ. ನೆನಪಿಟ್ಕೋತೀರಾ?’

ನೆನಪಿಟ್ಟುಕೊಳ್ಳುತ್ತೇನೆ ಎಂದು ಹೇಳಲು ಹೊರಟವನು, ಅದರ ಬದಲು ಪೆನ್ನು ತೆಗೆದೆ. ಜೇಬಿನಲ್ಲಿ ಬಸ್ಸಿನ ಟಿಕೇಟು ಇತ್ತು. ಅದರ ಹಿಂದೆ ಬರೆದುಕೊಂಡೆ: ‘ದೇವಮ್ಮ, ಸೀತೂರು. ಅತ್ತೆಯ ಕನ್ನಡಕ. ಶಾಸ್ತ್ರಿಗಳ ಹತ್ತಿರ ಇದೆ. ಇವರಿಗೇ ಬರಬೇಕು.’ ನನ್ನ ಅಂಗಡಿಯ ಮೊದಲ ಚೀಟಿ ಅದು. ಎರಡನೆಯ ತಾರೀಕು ಎಂದು ನಾನು ಹೇಳುವುದು ಈ ಚೀಟಿಯದು. ಟಿಕೇಟಿನ ಮೇಲೆ ತಾರೀಕು ಇದ್ದಿರಬೇಕು, ಆದರೆ ಅದರ ಮೇಲೇ ಸುಬ್ರಾಯ ಪೆನ್ಸಿಲಿನಲ್ಲಿ ಚಿಲ್ಲರೆ ಬಾಕಿ ಗೀಚಿದ್ದ.

ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಾಲೇಜಿನಲ್ಲಿ ಒಂಬತ್ತು ವರ್ಷ ಎಷ್ಟೋ ಮಕ್ಕಳಿಗೆ ಮಸೂರದ ಸೂತ್ರ ಹೇಳಿಕೊಟ್ಟಿದ್ದೆ. ಕೆಲವು ಸಲ ತಪ್ಪಾಗಿಯೂ ಹೇಳಿರಬೇಕು. ನನ್ನ ತಲೆಯ ಯೋಗ್ಯತೆ ಈಗ ತಿಳಿದಿದೆಯಲ್ಲ. ಅದಕ್ಕಾಗಿ ಯಾವ ಮಗುವಿನ ಮನೆಗಾದರೂ ಹೋಗಿ, ‘ಮೊನ್ನೆ ಹೇಳಿದ್ದು ತಪ್ಪು ಮಾರಾಯ’ ಎಂದಿದ್ದೆನೇ? ಇಲ್ಲ. ಮುಂದಿನ ತರಗತಿಯಲ್ಲಿ ತಿದ್ದಿದರಾಯಿತು, ತಿದ್ದದಿದ್ದರೂ ಗಂಟೆ ಹೊಡೆಯುತ್ತಿತ್ತು. ಇಲ್ಲಿ ಮಾತ್ರ, ಯಾರೂ ಕೇಳದೆ, ಯಾರಿಗೂ ತೊಂದರೆಯಾಗದೆ, ಹೊಗಳಿಸಿಕೊಂಡ ತಪ್ಪಿಗೆ ನಾನು ಎರಡು ದಿಕ್ಕಿಗೆ ಬಸ್ಸು ಹತ್ತಿದ್ದೆ. ನನ್ನ ಪಟ್ಟಿಯ ಯಾವ ಕಾಲಮ್ಮಿನಲ್ಲೂ ಇದಕ್ಕೆ ಅಂಕವಿರಲಿಲ್ಲ. ಯಾವ ಕೆಲಸದ ತಪ್ಪು ನನ್ನನ್ನು ಮನೆಯಲ್ಲಿ ಕೂರಲು ಬಿಡಲಿಲ್ಲವೋ ಆ ಕೆಲಸ ಬಹುಶಃ ನನ್ನದು. ಕೊಪ್ಪ ಬರುವಷ್ಟರಲ್ಲಿ ಇದರಲ್ಲಿ ಅನುಮಾನವೆಂದರೆ ಆ ‘ಬಹುಶಃ’ ಒಂದೇ ಉಳಿದಿತ್ತು. ಅದು ನನ್ನ ಓದಿನ ದೋಷ. ಅದನ್ನು ತೆಗೆಯಲು ಆಗುವುದಿಲ್ಲ.

ಮಾರನೆಯ ದಿನ ಕಾಲೇಜಿಗೆ ಹೋಗಿ ಸಹಿಯಿಲ್ಲದ ಪತ್ರವನ್ನು ಪ್ರಿನ್ಸಿಪಾಲರ ಮೇಜಿನ ಮೇಲೆ ಇಟ್ಟೆ. ಅವರು ನಾನೇ ತಿರುಪು ಹಾಕಿದ ಕನ್ನಡಕ ತೆಗೆದು, ನನ್ನನ್ನು ನೋಡಿ, ‘ಹುಚ್ಚೇನ್ರೀ ನಿಮಗೆ?’ ಎಂದರು. ಒಂಬತ್ತು ವರ್ಷದಲ್ಲಿ ಅವರು ನನ್ನಲ್ಲಿ ಆಸಕ್ತಿಯಿಂದ ಕೇಳಿದ ಮೊದಲ ಪ್ರಶ್ನೆ. ಇದು ಮೂರನೆಯ ತಾರೀಕು.

ಆ ಮಳೆಗಾಲವಿಡೀ ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರೊಬ್ಬರ ಬಳಿ ನಿಂತು ಕಣ್ಣು ಪರೀಕ್ಷೆ ಕಲಿತೆ. ಮೂವತ್ತೆಂಟರ ವಯಸ್ಸಿನಲ್ಲಿ, ನನ್ನ ಹಳೆಯ ಶಿಷ್ಯಳೊಬ್ಬಳಿಂದ ‘ಸರ್, ಆ ಲೆನ್ಸ್ ತಲೆಕೆಳಗೆ ಹಿಡಿದಿದ್ದೀರಿ’ ಎಂದು ಹೇಳಿಸಿಕೊಂಡೆ. ನವರಾತ್ರಿ ಕಳೆದ ಮೇಲೆ ಅಂಗಡಿಗೆ ಜಾಗ ಸಿಕ್ಕಿತು. ಯಾವ ದಿನ ತೆರೆಯುವುದು? ನಾನು ಯಾವ ದಿನವಾದರೂ ಒಂದೇ ಎಂದೆ. ಜಾನಕಿ ನನಗೆ ಹೇಳದೆ ಶಾಸ್ತ್ರಿಗಳಿಗೆ ಫೋನು ಮಾಡಿದಳು. ಅವರು ಪಂಚಾಂಗ ನೋಡಿ ಒಂದು ದಿನ ಹೇಳಿದರು. ನಾನು ಅಸಮಾಧಾನದಿಂದಲೇ, ಆ ದಿನಕ್ಕೇನು ವಿಶೇಷ ಎಂದು ಕೇಳಿದೆ. ‘ತಿಥಿ ನಕ್ಷತ್ರ ಎಲ್ಲ ಸರಿ ಉಂಟು’ ಎಂದರು. ಫೋನು ಇಡುವ ಮೊದಲು, ‘ಮತ್ತೆ ಆವತ್ತು ಕೊಪ್ಪದಲ್ಲಿ ಸಂತೆ. ಜನ ಇರ್ತಾರೆ’ ಎಂದರು. ಪಂಚಾಂಗದ ಬಗ್ಗೆ ನನ್ನ ಅನುಮಾನ ಇಂದಿಗೂ ಹೋಗಿಲ್ಲ. ಅದನ್ನು ನೋಡುವವರ ಬಗ್ಗೆ ಹೋಗಿದೆ. ಬೋರ್ಡು ಏರಿದ ಆ ಸಂತೆಯ ದಿನ ನಾಲ್ಕನೆಯ ತಾರೀಕು.

ಈಗ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ. ನನ್ನ ಅಂಗಡಿಯಲ್ಲಿ ಗೋಡೆಯ ಮೇಲೆ ಎಲ್ಲ ಕಡೆಯಂತೆ ಅಕ್ಷರದ ಪಟ ಇದೆ. ಅದರ ಕೆಳಗೆ ಮೇಜಿನ ಮೇಲೆ ಒಂದು ತಟ್ಟೆ ಅಕ್ಕಿ ಇದೆ, ಅದರಲ್ಲಿ ನಾನು ಎಣಿಸಿ ಹಾಕಿದ ಹನ್ನೆರಡು ಬಿಳಿ ಕಲ್ಲುಗಳಿವೆ. ಒಂದು ಸೂಜಿ, ಒಂದು ದಾರದ ಉಂಡೆ. ಒಂದು ಪಂಚಾಂಗ, ಒಂದು ಕಟ್ಟು ಬಸ್ಸಿನ ಟಿಕೇಟು. ಬಂದವರಿಗೆ ಮೊದಲು ಕೇಳುವ ಪ್ರಶ್ನೆ, ನೀವು ಏನು ನೋಡಬೇಕು? ಅಕ್ಕಿ ಆರಿಸುವವರು ಹನ್ನೆರಡೂ ಕಲ್ಲು ತೆಗೆದು ನನ್ನ ಅಂಗೈಗೆ ಹಾಕಿದ ಮೇಲೆಯೇ ಕನ್ನಡಕ ಅವರದಾಗುವುದು. ಹದಿಮೂರು ತೆಗೆದವರೂ ಇದ್ದಾರೆ. ಕಿರಾಣಿ ಅಂಗಡಿಯ ಅಕ್ಕಿಯ ಗುಣಮಟ್ಟ ಹಾಗೆ. ಕಣ್ಣಿನ ಪರೀಕ್ಷೆ ಪುಸ್ತಕದಲ್ಲಿದ್ದಂತೆಯೇ ಮಾಡುತ್ತೇನೆ, ಅದರಾಚೆಗೆ ಇದು ನನ್ನದು. ಇಂಥ ತಟ್ಟೆ ಶಿವಮೊಗ್ಗದಲ್ಲಿ ಇಲ್ಲ. ಬೆಂಗಳೂರಿನಲ್ಲೂ ಇರಲಿಕ್ಕಿಲ್ಲ. ನಾನು ಕಂಡುಹಿಡಿದದ್ದು ಇದೊಂದೇ, ಇದರ ಬಗ್ಗೆ ನನಗೆ ವಿನಯವಿಲ್ಲ.

ಪೊಟ್ಟಣಗಳು ಈಗಲೂ ಬಸ್ಸಿನಲ್ಲಿ ಬರುತ್ತವೆ. ಚೀಟಿಯಿಲ್ಲದೆ ತೆಗೆದುಕೊಳ್ಳುವುದಿಲ್ಲ ಎಂದು ಸುಬ್ರಾಯನೇ ನಿಯಮ ಮಾಡಿದ್ದಾನೆ. ‘ಮೇಷ್ಟ್ರ ತಲೇಲಿ ಜಾಗ ಇಲ್ಲ, ಬರ್ದು ಕೊಡಿ’ ಎಂದು ಎಲ್ಲರೆದುರು ಹೇಳುತ್ತಾನೆ. ನನಗೆ ಬೇಸರವಿಲ್ಲ.

ಈ ವರ್ಷ ಅರ್ಜಿ ತುಂಬಿಸಲು ಕುಳಿತ ದಿನವೂ ಒಂದು ಪೊಟ್ಟಣ ಬಂತು, ಶೃಂಗೇರಿಯಿಂದ. ಶಾಸ್ತ್ರಿಗಳು ಕಣ್ಣಿನ ಪೊರೆ ತೆಗೆಸಿಕೊಂಡಿದ್ದಾರೆ, ಹೊಸ ಕನ್ನಡಕ ಆಗಿದೆ. ಒಳಗೆ ಆ ಕಂದು ಫ್ರೇಮು, ಗೀರು ಸಹ ಬಿದ್ದಿಲ್ಲ. ಚೀಟಿಯಲ್ಲಿ ಅವರದೇ ಗುಂಡಗಿನ ಅಕ್ಷರ: ‘ಇದರ ಯಜಮಾನಿಗೆ ತಲುಪಿಸುವುದು. ಜೋಪಾನ ಮಾಡಿದ್ದೇನೆಂದು ತಿಳಿಸುವುದು.’ ನನಗೆ ಯಜಮಾನಿ ಯಾರು ಎಂದು ತಕ್ಷಣ ಹೊಳೆಯಿತು. ಆದರೂ ಡ್ರಾಯರು ಎಳೆದು ಹಳೆಯ ಟಿಕೇಟು ತೆಗೆದು ನೋಡಿಕೊಂಡೇ ಸುದ್ದಿ ಕಳಿಸಿದೆ.

ದೇವಮ್ಮ ಸಂತೆಯ ದಿನ ಬಂದಳು. ಈಗ ಐವತ್ತೈದು ಆಗಿರಬೇಕು, ಕೂದಲು ನೆರೆತಿದೆ. ಅತ್ತೆಯ ಕನ್ನಡಕ ಹಾಕಿಕೊಂಡು ತಟ್ಟೆಯ ಮುಂದೆ ಕುಳಿತಳು. ಮೊದಲು ತಟ್ಟೆಯನ್ನು ದೂರ ಹಿಡಿದಳು, ಆಮೇಲೆ ಸ್ವಲ್ಪ ಹತ್ತಿರ. ತಲೆ ಸುತ್ತಲಿಲ್ಲ. ಹನ್ನೆರಡರಲ್ಲಿ ಹನ್ನೊಂದು ಕಲ್ಲು ಸಿಕ್ಕವು. ನಾನು ಗಾಜು ಬದಲಿಸಿ ಬದಲಿಸಿ ಪರೀಕ್ಷೆ ಮಾಡಿದೆ. ಹೌದು, ಅವಳ ಕಣ್ಣು ಅತ್ತೆಯ ಗಾಜಿನ ಹತ್ತಿರಕ್ಕೆ ನಡೆದುಬಂದಿದೆ. ಇನ್ನೂ ಒಂದಿಷ್ಟು ಬಾಕಿ ಇದೆ. ಅವಳು ಮೊದಲು ಹಾಕಿಕೊಂಡಾಗ ಅದು ತಪ್ಪು ಕನ್ನಡಕವಾಗಿರಲಿಲ್ಲ, ಹತ್ತು ವರ್ಷ ಮೊದಲೇ ಬಂದ ಕನ್ನಡಕವಾಗಿತ್ತು.

‘ಶಾಸ್ತ್ರಿಗಳದು ಈಗ ನಿಮಗೆ ಸಾಲೋದಿಲ್ಲ. ಸದ್ಯಕ್ಕೆ ಬೇರೆ ಮಾಡಿಕೊಡ್ತೇನೆ’ ಎಂದೆ. ‘ಇದು ಇನ್ನೆರಡು ವರ್ಷಕ್ಕೆ ನಿಮಗೆ ಸರಿ ಆಗ್ತದೆ.’

‘ಆಗ್ತದಾ? ಹಂಗಾರೆ ಇಲ್ಲೇ ಇಟ್ಕೊಂಡಿರಿ. ಮನೇಲಿಟ್ರೆ ಈಗ್ಲೇ ಹಾಕ್ಕೊಳ್ಳೋಣ ಅನ್ಸುತ್ತೆ. ಬತ್ತೀನಿ.’ ಎದ್ದವಳು ಅರ್ಜಿಯ ಮೇಲೆ ಕಣ್ಣು ಹಾಯಿಸಿ, ‘ಅದೆಂತ ಬರೀದೆ ಕೂತಿದೀರಿ?’ ಎಂದಳು.

‘ಅಂಗಡಿ ಯಾವಾಗ ಶುರು ಆಯ್ತು ಅಂತ ಕೇಳಿದ್ದಾರೆ.’

‘ನೀವು ನಮ್ಮನೆಗೆ ಬಂದ ದಿನ. ಇನ್ನೆಂತ?’ ಎಂದು ಚೀಲ ಹೆಗಲಿಗೇರಿಸಿ ಹೊರಟುಹೋದಳು.

ಚೌಕದಲ್ಲಿ ಬೋರ್ಡಿನ ತಾರೀಕನ್ನೇ ಬರೆದೆ. ಕಚೇರಿಯವರಿಗೆ ಅದು ಸಾಕು. ಆಮೇಲೆ ಅತ್ತೆಯ ಕನ್ನಡಕವನ್ನು ಒರೆಸಿ, ಹತ್ತಿಯಲ್ಲಿ ಸುತ್ತಿ, ಹೊಸ ಚೀಟಿ ಕಟ್ಟಿದೆ: ‘ದೇವಮ್ಮ, ಸೀತೂರು. ಅಕ್ಕಿ ಆರಿಸಲು. ಎರಡು ವರ್ಷ ಬಿಟ್ಟು.’ ನಾನು ಅಂದ ‘ಎರಡು ವರ್ಷ’ವನ್ನು ಇನ್ನೊಮ್ಮೆ ಓದಿ, ಅದರ ಪಕ್ಕದಲ್ಲಿ ‘ಅಥವಾ ಅವರು ಬಂದಾಗ’ ಎಂದು ಸೇರಿಸಿ ಡ್ರಾಯರು ಮುಚ್ಚಿದೆ.